ಪುಸ್ತಕದ ವೊಂಕಾ, ಸಿನಿಮಾದ ವೊಂಕಾ: ಇಬ್ಬರೂ ಒಬ್ಬನೇನಾ?

ಶನಿವಾರ ಮಧ್ಯಾಹ್ನ ತುಮಕೂರಿನ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಹತ್ತು ಹನ್ನೆರಡು ಮಕ್ಕಳು ಸೇರುತ್ತಾರೆ. ನಾನು ಗಟ್ಟಿಯಾಗಿ ಒಂದು ಪುಸ್ತಕ ಓದುತ್ತೇನೆ. ಇಂಗ್ಲಿಷ್ ಪುಸ್ತಕವಾದರೆ ಒಂದು ಪುಟ ಓದಿ, ಅದನ್ನೇ ಕನ್ನಡದಲ್ಲಿ ಹೇಳುತ್ತೇನೆ. ಈ ಬೇಸಿಗೆ ರಜೆಗೆ ರೋಲ್ಡ್ ಡಾಲ್ ಬರೆದ ‘ಚಾರ್ಲಿ ಅಂಡ್ ದ ಚಾಕೊಲೇಟ್ ಫ್ಯಾಕ್ಟರಿ’ ಹಿಡಿದೆವು. ಮೂರನೇ ವಾರಕ್ಕೇ ಆ ಫ್ಯಾಕ್ಟರಿಯ ಮಾಲೀಕ ವಿಲ್ಲಿ ವೊಂಕಾನ ವಿಷಯಕ್ಕೆ ಜಗಳ ಶುರುವಾಯಿತು.

“ಮಿಸ್, ನೀವು ಓದ್ತಿರೋ ವೊಂಕಾ ಬೇರೆ. ಸಿನಿಮಾದವನು ಒಳ್ಳೆಯವನು. ಇವನು ಬರೀ ಸಿಡುಕ!”

ಅರ್ಧ ಮಕ್ಕಳು ‘ವೊಂಕಾ’ ಸಿನಿಮಾ, ಅಂದರೆ ಈ ಪುಸ್ತಕದ ಕಥೆಗೆ ಆಮೇಲೆ ಮಾಡಿದ ಪ್ರೀಕ್ವೆಲ್, ನೋಡಿದ್ದರು. ಇನ್ನರ್ಧ ನೋಡಿರಲಿಲ್ಲ. ಸಂಜೆ ಕರೆದುಕೊಂಡು ಹೋಗಲು ಬಂದ ಅಪ್ಪ ಒಬ್ಬರು ಬಾಗಿಲಲ್ಲೇ ನಿಂತು ಕೇಳಿದರು: “ಮೇಡಂ, ಇದರಲ್ಲಿ ಒರಿಜಿನಲ್ ಯಾವುದು? ಮನೇಲೂ ಇದೇ ವಾದ.” ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲ. ಆದ್ದರಿಂದ ಕೂತು ಬರೆಯುತ್ತಿದ್ದೇನೆ.

ಪ್ರೀಕ್ವೆಲ್ ಅಂದರೆ

ಒಂದು ಕಥೆ ಜನರಿಗೆ ಮೆಚ್ಚುಗೆಯಾಯಿತು ಅಂದುಕೊಳ್ಳಿ. ಆಮೇಲೆ ಏನಾಯಿತು ಎಂದು ಹೇಳಿದರೆ ಅದು ಸೀಕ್ವೆಲ್, ಮುಂದಿನ ಭಾಗ. ಅದಕ್ಕೂ ಮುಂಚೆ ಏನಾಗಿತ್ತು ಎಂದು ಹೇಳಿದರೆ ಪ್ರೀಕ್ವೆಲ್. ಮೊದಲು ನಡೆದದ್ದನ್ನು ಆಮೇಲೆ ಹೇಳುವುದು, ಅಷ್ಟೇ. ನಮಗೆ ಹತ್ತಿರದ ಉದಾಹರಣೆ ‘ಕಾಂತಾರ’. ಆ ಸಿನಿಮಾ ಬಂದದ್ದು 2022ರಲ್ಲಿ. 2025ರಲ್ಲಿ ಬಂದ ‘ಕಾಂತಾರ ಅಧ್ಯಾಯ 1’ ಅದಕ್ಕೂ ಎಷ್ಟೋ ತಲೆಮಾರು ಹಿಂದಿನ ಕಥೆ. ಹೆಸರಲ್ಲಿ ಒಂದು, ಬಂದದ್ದು ಎರಡನೆಯದಾಗಿ.

ಪದ ಹೊಸದು, ಕೆಲಸ ಹಳೆಯದು. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಹುಟ್ಟಿದ ಜಿಲ್ಲೆ ನಮ್ಮದು. ಇಲ್ಲಿನ ಹಳ್ಳಿಗಳಲ್ಲಿ ಬೆಳೆದವರು ಊರ ಹಬ್ಬಕ್ಕೆ ಊರವರೇ ಕಲಿತು ಆಡುವ ‘ಕುರುಕ್ಷೇತ್ರ’ ನಾಟಕ ನೋಡಿಯೇ ಇರುತ್ತಾರೆ. ರಾತ್ರಿ ಹನ್ನೊಂದು ದಾಟಿದೆ. ಹಾರ್ಮೋನಿಯಂ ಮುಂದೆ ಡ್ರಾಮಾ ಮೇಷ್ಟ್ರು. ಶಕುನಿ ದಾಳ ಉಜ್ಜುತ್ತಾ ಸ್ಟೇಜಿಗೆ ಬರುತ್ತಾನೆ. ಆಗ ಚಾಪೆಯ ಮೇಲೆ ಪಕ್ಕದಲ್ಲಿ ಕೂತ ಅಜ್ಜಿ ಕಿವಿಯಲ್ಲಿ ಹೇಳುತ್ತಾಳೆ: “ಆ ದಾಳ ಅವರಪ್ಪನ ಮೂಳೆದು ಕಣಪ್ಪ. ಅವರ ಮನೆಯವರನ್ನೆಲ್ಲ ಸೆರೇಲಿ ಇಟ್ಟು, ದಿನಕ್ಕೆ ಒಬ್ಬೊಬ್ಬರಿಗೆ ಒಂದೊಂದೇ ಅಗುಳು ಕೊಟ್ಟರು. ಎಲ್ಲರೂ ತಮ್ಮ ಅಗುಳನ್ನ ಇವನಿಗೇ ಕೊಟ್ಟು ಸತ್ತರು. ಅದಕ್ಕೇ ಅವನು ಹಾಗೆ.”

ಈ ಕಥೆ ವ್ಯಾಸಭಾರತದಲ್ಲಿ ಇಲ್ಲ. ಜನ ಆಮೇಲೆ ಸೇರಿಸಿಕೊಂಡದ್ದು. ಯಾಕೆ ಸೇರಿಸಿಕೊಂಡರು? ಒಬ್ಬ ಮನುಷ್ಯ ಇಷ್ಟು ಕೆಟ್ಟವನಾದದ್ದು ಹೇಗೆ ಎಂಬ ಪ್ರಶ್ನೆಯನ್ನು ಹಾಗೇ ಬಿಡಲು ಮನಸ್ಸು ಒಪ್ಪುವುದಿಲ್ಲ. ಅಜ್ಜಿಯ ಮಾತು ಕೇಳಿದ ಮೇಲೆ ಸ್ಟೇಜಿನ ಮೇಲಿನ ಶಕುನಿ ಬೇರೆಯವನಾಗಿ ಕಾಣುತ್ತಾನೆ. ನಾಟಕದ ಒಂದು ಮಾತೂ ಬದಲಾಗಿಲ್ಲ. ನೋಡುವ ಕಣ್ಣು ಬದಲಾಗಿದೆ. ಪ್ರೀಕ್ವೆಲ್ ಮಾಡುವುದು ಇದನ್ನೇ.

ಪುಸ್ತಕದಲ್ಲಿ ಏನಿದೆ

ಡಾಲ್ ಹುಟ್ಟಿದ್ದು 1916ರಲ್ಲಿ, ವೇಲ್ಸ್‌ನಲ್ಲಿ. ತಂದೆತಾಯಿ ನಾರ್ವೆಯವರು. ರೆಪ್ಟನ್ ಎಂಬ ಊರಿನ ವಸತಿ ಶಾಲೆಯಲ್ಲಿ ಓದುವಾಗ ಕ್ಯಾಡ್ಬರಿ ಕಂಪನಿಯಿಂದ ಹುಡುಗರಿಗೆ ಆಗಾಗ ಒಂದೊಂದು ಡಬ್ಬಿ ಬರುತ್ತಿತ್ತು. ಒಳಗೆ 12 ಚಾಕೊಲೇಟ್, ಪ್ರತಿಯೊಂದರ ಅಡಿಯಲ್ಲಿ ಒಂದು ನಂಬರ್. ಹನ್ನೊಂದು ಹೊಸ ರುಚಿ, ಒಂದು ಹಳೆಯದು. ತಿಂದು ನೋಡಿ ಹುಡುಗರು ಅಂಕ ಕೊಡಬೇಕು, ಯಾಕೆ ಇಷ್ಟವಾಯಿತು ಅಥವಾ ಆಗಲಿಲ್ಲ ಎಂದು ಬರೆಯಬೇಕು. ಹೊಸ ಚಾಕೊಲೇಟ್ ಕಂಡುಹಿಡಿಯುವ ಕೋಣೆ ಒಂದು ಎಲ್ಲೋ ಇದೆ, ಅಲ್ಲಿ ದೊಡ್ಡವರು ಇದನ್ನೇ ಕೆಲಸವಾಗಿ ಮಾಡುತ್ತಾರೆ ಎಂಬುದು ಆ ಹುಡುಗನ ತಲೆಯಲ್ಲಿ ಕೂತುಬಿಟ್ಟಿತು. ಮೂವತ್ತು ವರ್ಷ ದಾಟಿದ ಮೇಲೆ ಅದು ಕಾದಂಬರಿಯಾಯಿತು. ಅಮೆರಿಕದಲ್ಲಿ 1964ರಲ್ಲಿ ಬಂತು, ಬ್ರಿಟನ್‌ನಲ್ಲಿ 1967ರಲ್ಲಿ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಚಾರ್ಲಿ ಬಕೆಟ್ ಕಡುಬಡವರ ಮನೆಯ ಹುಡುಗ. ಮನೆಯಲ್ಲಿ ಇರುವುದು ಒಂದೇ ಮಂಚ. ಅದರ ಮೇಲೆ ಇಬ್ಬರು ಅಜ್ಜಂದಿರು, ಇಬ್ಬರು ಅಜ್ಜಿಯರು. ಅಪ್ಪನ ಕೆಲಸ ಪೇಸ್ಟ್ ಟ್ಯೂಬಿಗೆ ಮುಚ್ಚಳ ತಿರುಗಿಸುವುದು. ಊರಿನಲ್ಲಿ ಒಂದು ದೊಡ್ಡ ಚಾಕೊಲೇಟ್ ಫ್ಯಾಕ್ಟರಿ, ಮಾಲೀಕ ವಿಲ್ಲಿ ವೊಂಕಾ. ಎಷ್ಟೋ ವರ್ಷಗಳಿಂದ ಅದರ ಗೇಟಿನಿಂದ ಒಬ್ಬರೂ ಒಳಗೆ ಹೋಗಿಲ್ಲ, ಹೊರಗೆ ಬಂದಿಲ್ಲ. ಒಂದು ದಿನ ವೊಂಕಾ ಐದು ಚಾಕೊಲೇಟ್ ಬಾರ್‌ಗಳ ಹಾಳೆಯೊಳಗೆ ಐದು ಚಿನ್ನದ ಟಿಕೆಟ್ ಬಚ್ಚಿಡುತ್ತಾನೆ. ಸಿಕ್ಕ ಮಕ್ಕಳಿಗೆ ಫ್ಯಾಕ್ಟರಿ ನೋಡುವ ಅವಕಾಶ. ಐದನೆಯದು ಚಾರ್ಲಿಗೆ ಸಿಗುತ್ತದೆ.

ಎಲ್ಲರಿಗೂ ನೆನಪಿರುವುದು ಚಾಕೊಲೇಟ್ ನದಿ. ಆದರೆ ಈ ಪುಸ್ತಕದ ಬೇರು ಹಸಿವು. ಹತ್ತನೇ ಅಧ್ಯಾಯ ಇಡೀ ಅದೇ. ಪೇಸ್ಟ್ ಕಾರ್ಖಾನೆ ಮುಚ್ಚುತ್ತದೆ, ಅಪ್ಪ ಬೀದಿಯ ಹಿಮ ಬಾಚುವ ಕೆಲಸಕ್ಕೆ ಹೋಗುತ್ತಾನೆ. ಬೆಳಿಗ್ಗೆ ತಲೆಗೊಂದು ಚೂರು ಬ್ರೆಡ್ಡು. ಚಾರ್ಲಿ ಏನು ಮಾಡುತ್ತಾನೆ ಗೊತ್ತಾ? ದಿನಾ ಶಾಲೆಗೆ ಹತ್ತು ನಿಮಿಷ ಮುಂಚೆ ಹೊರಡುತ್ತಾನೆ, ಓಡಬೇಕಾಗಿ ಬರಬಾರದು ಅಂತ. ಆಟದ ಹೊತ್ತಿನಲ್ಲಿ ಹೊರಗೆ ಹೋಗದೆ ತರಗತಿಯಲ್ಲೇ ಸುಮ್ನೆ ಕೂರುತ್ತಾನೆ. ಇರುವ ಶಕ್ತಿ ಉಳಿಸಿಕೊಳ್ಳಬೇಕಲ್ಲ. ಇದನ್ನು ಓದಿದ ದಿನ ನಮ್ಮ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಬಿಸ್ಕತ್ತು ತಿನ್ನುತ್ತಿದ್ದ ಹುಡುಗನೊಬ್ಬ ಪೊಟ್ಟಣ ಮಡಚಿ ಬ್ಯಾಗಿಗೆ ಹಾಕಿಕೊಂಡ.

ಸಿನಿಮಾದಲ್ಲಿ ಏನಿದೆ

‘ವೊಂಕಾ’ 2023ರ ಡಿಸೆಂಬರ್‌ನಲ್ಲಿ ಬಂತು. ನಿರ್ದೇಶಕ ಪಾಲ್ ಕಿಂಗ್. ಹರೆಯದ ವೊಂಕಾ ಆಗಿ ಟಿಮೊಥಿ ಶಾಲಮೆ. ಇದರಲ್ಲಿ ಚಾರ್ಲಿ ಇಲ್ಲ, ಫ್ಯಾಕ್ಟರಿಯೂ ಇನ್ನೂ ಇಲ್ಲ. ಏಳು ವರ್ಷ ಹಡಗಿನಲ್ಲಿದ್ದ ಹುಡುಗ ಜೇಬಿನಲ್ಲಿ 12 ಬೆಳ್ಳಿ ನಾಣ್ಯ ಇಟ್ಟುಕೊಂಡು ಒಂದು ದೊಡ್ಡ ಊರಿಗೆ ಇಳಿಯುತ್ತಾನೆ. ಚಾಕೊಲೇಟ್ ಅಂಗಡಿ ಇಡಬೇಕೆಂಬ ಆಸೆ. ಆ ಊರಿನಲ್ಲಿ ಹಗಲುಗನಸು ಕಂಡರೂ ದಂಡ. ದಿನ ಮುಗಿಯುವ ಮುಂಚೆ ನಾಣ್ಯ ಎಲ್ಲ ಖಾಲಿ.

ಮಲಗಲು ಜಾಗ ಕೊಡುತ್ತೇನೆ ಎಂದ ಹೆಂಗಸು ಒಂದು ಕಾಗದಕ್ಕೆ ಸಹಿ ಕೇಳುತ್ತಾಳೆ. ವೊಂಕಾಗೆ ಓದಲು ಬರುವುದಿಲ್ಲ. ಸಹಿ ಹಾಕುತ್ತಾನೆ. ಮರುದಿನ ನೋಡಿದರೆ ಮೆಟ್ಟಿಲು ಹತ್ತಿದ್ದಕ್ಕೂ ಬಾಡಿಗೆ! ಸಾಲ 10,000 ನಾಣ್ಯ. ತೀರುವವರೆಗೂ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯಬೇಕು.

ನಮ್ಮ ಕಡೆ ಇದಕ್ಕೆ ಒಂದೇ ಪದ ಇದೆ: ಜೀತ. ಬರೆದದ್ದು ಏನೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿದವರ ಕಥೆಗಳು ನಮ್ಮ ಅಜ್ಜಂದಿರಿಗೆ ಚೆನ್ನಾಗಿ ಗೊತ್ತಿದ್ದವು. ಜೀತ ಕಾನೂನಿನ ಪ್ರಕಾರ ನಿಂತದ್ದು 1976ರಲ್ಲಿ. ಸಿನಿಮಾದಲ್ಲಿ ಇದನ್ನು ಹಾಡಿನಲ್ಲಿ, ನಗುವಿನಲ್ಲಿ ದಾಟಿಸುತ್ತಾರೆ. ಆದರೂ ವಿಷಯ ಹಗುರದ್ದಲ್ಲ. ಅಲ್ಲೇ ಜೀತಕ್ಕಿರುವ ನೂಡಲ್ ಎಂಬ ಹುಡುಗಿ ಅವನಿಗೆ ಅಕ್ಷರ ಕಲಿಸುತ್ತಾಳೆ. ನನಗೆ ಇಡೀ ಸಿನಿಮಾದಲ್ಲಿ ತುಂಬ ಇಷ್ಟವಾದ ಭಾಗ ಅದು.

ಎದುರಾಳಿಗಳು ಮೂವರು ಚಾಕೊಲೇಟ್ ವ್ಯಾಪಾರಿಗಳು: ಸ್ಲಗ್‌ವರ್ತ್, ಪ್ರಾಡ್‌ನೋಸ್, ಫಿಕಲ್‌ಗ್ರೂಬರ್. ಮೂವರೂ ಒಳಗೊಳಗೇ ಒಂದಾಗಿ, ಹೊಸಬರು ಯಾರೂ ಅಂಗಡಿ ಇಡದಂತೆ ನೋಡಿಕೊಳ್ಳುತ್ತಾರೆ. ಇಂಥ ಕೂಟಕ್ಕೆ ಕಾರ್ಟೆಲ್ ಎನ್ನುತ್ತಾರೆ. ಮಂಡಿಯಲ್ಲಿ ನಾಲ್ಕು ಜನ ಖರೀದಿದಾರರು ಮೊದಲೇ ಮಾತಾಡಿಕೊಂಡು ಒಂದೇ ರೇಟು ಕೂಗಿದರೆ ರೈತ ಏನು ಮಾಡಬೇಕು? ಅದೇ ಇದು.

ಪುಸ್ತಕ ಉತ್ತರ ಕೊಡದ ಪ್ರಶ್ನೆ

ಈಗ ಮಕ್ಕಳ ಜಗಳಕ್ಕೆ ಬರೋಣ. ಪುಸ್ತಕದ ವೊಂಕಾ ಎಲ್ಲಿಯವನು? ಅಪ್ಪ ಅಮ್ಮ ಯಾರು? ಚಾಕೊಲೇಟ್ ಹುಚ್ಚು ಹೇಗೆ ಹಿಡಿಯಿತು? ಕಾದಂಬರಿಯ ಮೂವತ್ತು ಅಧ್ಯಾಯಗಳಲ್ಲಿ ಇದಕ್ಕೆ ಉತ್ತರ ಇಲ್ಲ. ಬರುವಾಗಲೇ ಎತ್ತರದ ಟೋಪಿ, ನೇರಳೆ ಕೋಟು, ಚೂಪು ಗಡ್ಡ, ಕೈಯಲ್ಲಿ ಕೋಲು. ಮಕ್ಕಳು ಕಷ್ಟದ ಪ್ರಶ್ನೆ ಕೇಳಿದರೆ ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎನ್ನುತ್ತಾನೆ, ಗೊಣಗಬೇಡ ಎಂದು ಗದರುತ್ತಾನೆ. ಆಗಸ್ಟಸ್ ಎಂಬ ಹುಡುಗ ಚಾಕೊಲೇಟ್ ನದಿಗೆ ಬಿದ್ದು ಪೈಪಿನಲ್ಲಿ ಎಳೆದುಕೊಂಡು ಹೋದಾಗ ಅವನ ತಾಯಿ ಗೋಳಾಡುತ್ತಾಳೆ. ವೊಂಕಾಗೆ ನಗು ಬರುತ್ತದೆ.

ಹಾಗಾಗಿ ಓದುವ ಮಗುವಿಗೆ ಕೊನೆಯವರೆಗೂ ಒಂದು ಅನುಮಾನ ಇದ್ದೇ ಇರುತ್ತದೆ. ಇವನನ್ನು ನಂಬಬಹುದಾ? ಆ ಅನುಮಾನದಿಂದಲೇ ಪುಟ ತಿರುಗುತ್ತದೆ.

ಸಿನಿಮಾ ಹೊರಟದ್ದು ಆ ಖಾಲಿ ಜಾಗ ತುಂಬಲು. ಅಲ್ಲಿ ಅವನಿಗೆ ಒಬ್ಬ ಅಮ್ಮ ಇದ್ದಾಳೆ. ಪಾತ್ರ ಮಾಡಿರುವುದು ಸ್ಯಾಲಿ ಹಾಕಿನ್ಸ್. ಇಬ್ಬರೂ ದೋಣಿಯಲ್ಲಿ ವಾಸ, ಕೈಯಲ್ಲಿ ಕಾಸಿಲ್ಲ. ಅಮ್ಮ ವರ್ಷವಿಡೀ ಕೋಕೋ ಬೀಜ ಕೂಡಿಟ್ಟು ಮಗನ ಹುಟ್ಟಿದಹಬ್ಬಕ್ಕೆ ಒಂದು ಚಾಕೊಲೇಟ್ ಮಾಡಿಕೊಡುತ್ತಾಳೆ.

ಇಲ್ಲಿ ಸ್ವಲ್ಪ ನಿಲ್ಲಿ. ವರ್ಷಕ್ಕೊಂದೇ ಚಾಕೊಲೇಟ್, ಅದೂ ಹುಟ್ಟಿದಹಬ್ಬಕ್ಕೆ. ಪುಸ್ತಕದಲ್ಲಿ ಇದು ಯಾರ ಬದುಕು? ಚಾರ್ಲಿಯದು! ಸಿನಿಮಾದವರು ಚಾರ್ಲಿಯ ಬಡತನವನ್ನು ಎತ್ತಿ ವೊಂಕಾಗೆ ಕೊಟ್ಟಿದ್ದಾರೆ. ಚಿನ್ನದ ಟಿಕೆಟ್ಟೂ ಹಾಗೆಯೇ. ಪುಸ್ತಕದಲ್ಲಿ ಅದು ಫೆಬ್ರವರಿ 1ರ ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ ಎನ್ನುವ ಆಹ್ವಾನಪತ್ರ. ಸಿನಿಮಾದಲ್ಲಿ ಅಮ್ಮ ಮಾಡಿಟ್ಟ ಕೊನೆಯ ಚಾಕೊಲೇಟಿನ ಒಳಗೆ ಒಂದು ಚಿನ್ನದ ಹಾಳೆ ಸಿಗುತ್ತದೆ. ಚಾಕೊಲೇಟ್ ಮುಖ್ಯವಲ್ಲ, ಅದನ್ನು ಯಾರ ಜೊತೆ ಹಂಚಿಕೊಳ್ಳುತ್ತೀಯ ಅನ್ನುವುದೇ ಮುಖ್ಯ ಎಂಬರ್ಥದ ಮಾತು ಅದರಲ್ಲಿದೆ.

ಆದ್ದರಿಂದ ಇದನ್ನು ನೋಡಿ ಬಂದ ಮಗುವಿಗೆ ಪುಸ್ತಕದ ವೊಂಕಾ ಸಿಡುಕನಾಗಿ ಕಾಣುವುದರಲ್ಲಿ ತಪ್ಪೇನಿಲ್ಲ. ಅನುಮಾನ ಹುಟ್ಟಬೇಕಾದ ಜಾಗದಲ್ಲಿ ಅದಕ್ಕೆ ಆಗಲೇ ಪ್ರೀತಿ ಹುಟ್ಟಿಬಿಟ್ಟಿದೆ.

ಕೊಂಡಿ ಕಳಚುವ ಜಾಗಗಳು

ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಕಡೆ ಕೂಡುವುದೇ ಇಲ್ಲ. ಆ ಮುಚ್ಚಿದ ಗೇಟು.

ಪುಸ್ತಕದಲ್ಲಿ ಗೇಟು ಮುಚ್ಚಿದ್ದಕ್ಕೆ ಕಾರಣ ಚಾರ್ಲಿಯ ಜೋ ಅಜ್ಜ ಹೇಳುತ್ತಾನೆ. ಅದೇ ಮೂವರು ವ್ಯಾಪಾರಿಗಳು ಕೆಲಸಗಾರರ ವೇಷದಲ್ಲಿ ಗೂಢಚಾರರನ್ನು ಕಳಿಸಿ ವೊಂಕಾನ ಗುಟ್ಟುಗಳನ್ನು ಕದ್ದರು. ಕರಗದ ಐಸ್‌ಕ್ರೀಂ ಒಬ್ಬ ಮಾಡಿದ, ರುಚಿ ಹೋಗದ ಚೂಯಿಂಗ್ ಗಮ್ ಇನ್ನೊಬ್ಬ. ಬೇಸತ್ತ ವೊಂಕಾ ಎಲ್ಲ ಕೆಲಸಗಾರರನ್ನೂ ಮನೆಗೆ ಕಳಿಸಿ ಬೀಗ ಹಾಕಿದ. ಸಿನಿಮಾದ ಕೊನೆಯಲ್ಲಾದರೋ ಆ ಮೂವರೂ ಹಾರಿಸುವ ಚಾಕೊಲೇಟ್ ತಿಂದು ಆಕಾಶಕ್ಕೆ ತೇಲಿಹೋಗುತ್ತಾರೆ. ವೊಂಕಾ ಗೆಳೆಯರ ಜೊತೆ ಊರಿಗೆಲ್ಲ ಹಂಚುತ್ತಾ ನಗುತ್ತಿರುತ್ತಾನೆ. ಈ ನಗುವ ಹುಡುಗ ಸಾವಿರಾರು ಜನರ ಕೆಲಸ ತೆಗೆದು ಬಾಗಿಲು ಹಾಕಿಕೊಳ್ಳುವ ಮುದುಕನಾದದ್ದು ಯಾವಾಗ? ಸಿನಿಮಾ ಅಷ್ಟು ದೂರ ಹೋಗುವುದಿಲ್ಲ.

ಇದಕ್ಕೆ ಒಂದು ಕಾರಣ ಇದೆ. ಈ ಸಿನಿಮಾ ಪುಸ್ತಕಕ್ಕಿಂತ ಇನ್ನೊಂದು ಸಿನಿಮಾಕ್ಕೆ ಜಾಸ್ತಿ ಹತ್ತಿರ. ಪುಸ್ತಕವನ್ನು ಮೊದಲು ತೆರೆಗೆ ತಂದದ್ದು 1971ರಲ್ಲಿ. ಆಗ ವೊಂಕಾ ಆದವರು ಜೀನ್ ವೈಲ್ಡರ್. ವೊಂಕಾನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಪುಟ್ಟ ಜನ ಊಂಪಾ ಲೂಂಪಾಗಳು. ಅವರಿಗೆ ಕಿತ್ತಳೆ ಮುಖ, ಹಸಿರು ಕೂದಲು ಬಂದದ್ದು ಆ ಸಿನಿಮಾದಲ್ಲಿ, ಪುಸ್ತಕದಲ್ಲಿ ಅಲ್ಲ. ಅದರ ಹಾಡೊಂದನ್ನು 2023ರ ಸಿನಿಮಾದಲ್ಲೂ ಹಾಡಿದ್ದಾರೆ. ಡಾಲ್‌ಗೆ 1971ರ ಸಿನಿಮಾ ಇಷ್ಟವಾಗಿರಲಿಲ್ಲ. ಆಮೇಲೆ 2005ರಲ್ಲಿ ಟಿಮ್ ಬರ್ಟನ್ ಮಾಡಿದ ಸಿನಿಮಾದಲ್ಲಿ ವೊಂಕಾಗೆ ಬೇರೆಯೇ ಬಾಲ್ಯ: ಮಿಠಾಯಿ ಮುಟ್ಟಲು ಬಿಡದ ದಂತವೈದ್ಯ ಅಪ್ಪ. ಒಂದೇ ಖಾಲಿ ಜಾಗ, ತುಂಬಿದವರು ಇಬ್ಬರು, ಎರಡು ಥರ. ಎರಡಕ್ಕೂ ಪುಸ್ತಕದಲ್ಲಿ ಆಧಾರವಿಲ್ಲ.

ಊಂಪಾ ಲೂಂಪಾಗಳ ಕೂಲಿ

ದೊಡ್ಡವರು ಮಕ್ಕಳ ಜೊತೆ ಮಾತಾಡಬೇಕಾದ ಭಾಗ ಇದು. ಪುಸ್ತಕದಲ್ಲಿ ವೊಂಕಾ ಲೂಂಪಾಲ್ಯಾಂಡ್ ಎಂಬ ಕಾಡಿಗೆ ಹೋಗುತ್ತಾನೆ. ಅಲ್ಲಿನ ಪುಟ್ಟ ಜನ ಮರದ ಮೇಲೆ ವಾಸ, ಕಂಬಳಿಹುಳು ಅರೆದು ತಿಂದು ಬದುಕು. ಅವರ ಆಸೆಯೆಲ್ಲ ಕೋಕೋ ಬೀಜದ ಮೇಲೆ, ಸಿಗುವುದು ಮಾತ್ರ ವರ್ಷಕ್ಕೆ ಮೂರೋ ನಾಲ್ಕೋ. ಬನ್ನಿ, ನನ್ನ ಫ್ಯಾಕ್ಟರಿಯಲ್ಲೇ ಇರಿ, ಕೂಲಿಯನ್ನೂ ಬೀಜದಲ್ಲೇ ಕೊಡುತ್ತೇನೆ ಎನ್ನುತ್ತಾನೆ. ಇಡೀ ಕುಲ ಬರುತ್ತದೆ.

ದುಡ್ಡಿನ ಬದಲು ಕಾಳಿನಲ್ಲಿ ಕೂಲಿ ನಮಗೆ ಹೊಸದಲ್ಲ. ಸುಗ್ಗಿಯಲ್ಲಿ ಕಣದಲ್ಲೇ ರಾಗಿ ಅಳೆದು ಕೊಡುತ್ತಿದ್ದ ಕಾಲ ನಮ್ಮ ಹಿರಿಯರಿಗೆ ನೆನಪಿದೆ. ಆದರೆ ರಾಗಿ ತೆಗೆದುಕೊಂಡವನು ಸಂಜೆ ತನ್ನ ಮನೆಗೆ ಹೋಗುತ್ತಿದ್ದ. ಊಂಪಾ ಲೂಂಪಾಗಳಿಗೆ ಗೇಟಿನ ಹೊರಗೆ ಮನೆಯಿಲ್ಲ. ಮೊದಲ ಮುದ್ರಣದಲ್ಲಿ ಅವರು ಆಫ್ರಿಕಾದ ಕಾಡಿನ ಕಪ್ಪು ಜನ. ಬಿಳಿಯ ಮಾಲೀಕ, ಆಫ್ರಿಕಾದಿಂದ ತಂದ ಕೆಲಸಗಾರರು ಅಂದರೆ ಗುಲಾಮಗಿರಿಯ ಚಿತ್ರವೇ ಕಣ್ಣಿಗೆ ಬರುತ್ತದೆ ಎಂದು ಟೀಕೆ ಬಂತು. 1973ರ ಮುದ್ರಣದಲ್ಲಿ ಡಾಲ್ ತಾವೇ ಅದನ್ನು ಬದಲಿಸಿ, ಆಫ್ರಿಕಾ ತೆಗೆದು, ಬಿಳಿ ಮೈಬಣ್ಣ ಕೊಟ್ಟರು. ಈಗ ನಮ್ಮ ಕೈಗೆ ಬರುವುದು ಬದಲಾದ ಪುಸ್ತಕ. ಕೂಲಿ ಮಾತ್ರ ಬೀಜದಲ್ಲೇ ಉಳಿದಿದೆ.

ಸಿನಿಮಾ ಈ ಲೆಕ್ಕವನ್ನೇ ತಿರುಗಿಸುತ್ತದೆ. ಇಲ್ಲಿ ಬರುವುದು ಒಬ್ಬನೇ ಊಂಪಾ ಲೂಂಪಾ, ಹ್ಯೂ ಗ್ರಾಂಟ್ ಮಾಡಿದ ಠೀವಿಯ ಮನುಷ್ಯ. ಅವನು ಕಾವಲಿದ್ದಾಗ ವೊಂಕಾ ಕೋಕೋ ಬೀಜ ಕಿತ್ತುಕೊಂಡು ಹೋಗಿರುತ್ತಾನೆ. ಆ ತಪ್ಪಿಗೆ ಅವನನ್ನು ಊರಿಂದ ಹೊರಗೆ ಹಾಕಿರುತ್ತಾರೆ. ಅಂದರೆ ಇಲ್ಲಿ ಸಾಲಗಾರ ವೊಂಕಾ. ಕೊನೆಗೆ ಆ ಊಂಪಾ ಲೂಂಪಾಗೆ ರುಚಿ ನೋಡುವ ಕೆಲಸ ಸಿಗುತ್ತದೆ, ಅದೂ ಕೇಳಿ, ಒಪ್ಪಿಕೊಂಡ ಮೇಲೆ.

ಸ್ವತಃ ಜೀತ ಮಾಡಿದ ಹುಡುಗ ಮುಂದೆ ಒಂದು ಕುಲವನ್ನೇ ಗೇಟಿನೊಳಗೆ ಇಟ್ಟುಕೊಂಡು ಬೀಜದಲ್ಲಿ ಕೂಲಿ ಕೊಟ್ಟಾನಾ? ಎರಡು ಕಥೆ ಬೆಸೆಯದೆ ಉಳಿಯುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ.

ಪಾಂಡಿಚೇರಿ ರಾಜಕುಮಾರ

ಪುಸ್ತಕದಲ್ಲಿ ನಮ್ಮ ದೇಶವೂ ಬರುತ್ತದೆ. ಪಾಂಡಿಚೇರಿ ಎಂಬ ಹೆಸರಿನ ಭಾರತದ ರಾಜಕುಮಾರ ವೊಂಕಾನನ್ನು ಕರೆಸಿ ನೂರು ಕೋಣೆಯ ಚಾಕೊಲೇಟ್ ಅರಮನೆ ಕಟ್ಟಿಸುತ್ತಾನೆ. ಬೇಗ ತಿಂದುಬಿಡು ಎಂದರೆ ಕೇಳುವುದಿಲ್ಲ. ಒಂದು ದಿನ ಬಿಸಿಲೇರಿ ಅರಮನೆ ಕರಗುತ್ತದೆ, ರಾಜಕುಮಾರ ಚಾಕೊಲೇಟ್ ಕೆರೆಯಲ್ಲಿ ಈಜುತ್ತಾನೆ. ಸಿನಿಮಾದಲ್ಲಿ ಇದಿಲ್ಲ. ಚಾಕೊಲೇಟಿನಲ್ಲಿರುವ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ, ನಮ್ಮ ಮೈ ಬಿಸಿಗಿಂತ ಸ್ವಲ್ಪ ಕಡಿಮೆ. ಬಾಯಲ್ಲಿಟ್ಟರೆ ಕರಗುವುದು ಅದಕ್ಕೇ. ಏಪ್ರಿಲ್ ಮಧ್ಯಾಹ್ನದ ತುಮಕೂರಿನಲ್ಲಿ ಬ್ಯಾಗಿನೊಳಗೇ ಕರಗುವುದೂ ಅದಕ್ಕೇ. ಓದುತ್ತಿದ್ದಂತೆ ಹುಡುಗಿಯೊಬ್ಬಳು ಬ್ಯಾಗಿನಿಂದ ಮೆತ್ತಗಾದ ಬಾರ್ ತೆಗೆದು, ಹಾಳೆಯ ಮೂಲೆ ಹರಿದು ನೇರ ಬಾಯಿಗೆ ಹಿಂಡಿಕೊಂಡಳು.

ಯಾರು ಬೇಕಾದರೂ ಪ್ರೀಕ್ವೆಲ್ ಮಾಡಬಹುದಾ?

ಶಕುನಿಯ ಕಥೆಯನ್ನು ಯಾರಾದರೂ ಬೆಳೆಸಬಹುದು, ಮಹಾಭಾರತಕ್ಕೆ ಮಾಲೀಕರಿಲ್ಲ. ವೊಂಕಾಗೆ ಇದ್ದಾರೆ. ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೂ ಹಕ್ಕು ಅವರ ಕಡೆಯವರದು. ಬ್ರಿಟನ್‌ನಲ್ಲಿ 70. ಡಾಲ್ ತೀರಿಕೊಂಡದ್ದು 1990ರಲ್ಲಿ. ಅವರ ಕೃತಿಗಳನ್ನು ನೋಡಿಕೊಳ್ಳುತ್ತಿದ್ದ ಕಂಪನಿಯನ್ನು 2021ರಲ್ಲಿ ನೆಟ್‌ಫ್ಲಿಕ್ಸ್ ಕೊಂಡುಕೊಂಡಿತು. ಅನುಮತಿ ಇದ್ದರೆ ಸಿನಿಮಾ ಮಾಡಬಹುದು. ಆದರೆ ಅನುಮತಿ ಸಿಕ್ಕ ಮಾತ್ರಕ್ಕೆ ಸತ್ತ ಲೇಖಕರ ಮನಸ್ಸಿನಲ್ಲಿ ಇದೇ ಇತ್ತು ಎಂದು ಆಗುವುದಿಲ್ಲ.

ಯಾವುದು ಮೊದಲು?

ಇನ್ನೂ ಎರಡನ್ನೂ ಮುಟ್ಟದ ಮಗುವಾದರೆ ಮೊದಲು ಪುಸ್ತಕ ಕೊಡಿ. ಆ ಅನುಮಾನ ಒಂದು ಸಲ ಅನುಭವಕ್ಕೆ ಬರಲಿ. ಸಿನಿಮಾ ಮೊದಲೇ ನೋಡಿದ್ದರೆ ಚಿಂತೆ ಬೇಡ, ಇದು ಬೇರೆಯವರು ಕಟ್ಟಿದ ಹಿಂದಿನ ಕಥೆ ಎಂದು ಹೇಳಿ ಓದಲು ಶುರು ಮಾಡಿ.

ಕಳೆದ ಶನಿವಾರ ನಾವು ಕೊನೆಯ ಅಧ್ಯಾಯಕ್ಕೆ ಬಂದೆವು. ಗಾಜಿನ ಲಿಫ್ಟು ಊರಿನ ಮೇಲೆ ತೇಲುತ್ತಿದೆ. ವೊಂಕಾ ಚಾರ್ಲಿಗೆ ಹೇಳುತ್ತಾನೆ: ನಾನು ಮುದುಕ, ನೀನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಮುದುಕ. ನನಗೆ ಮಕ್ಕಳಿಲ್ಲ, ಮನೆಯವರು ಅಂತ ಯಾರೂ ಇಲ್ಲ. ಇಡೀ ಪುಸ್ತಕದಲ್ಲಿ ಅವನು ತನ್ನ ಬಗ್ಗೆ ಬಾಯಿಬಿಡುವುದು ಹೆಚ್ಚುಕಡಿಮೆ ಇಷ್ಟೇ. 116 ನಿಮಿಷದ ಸಿನಿಮಾ ಬೆಳೆದದ್ದು ಈ ಒಂದು ಮಾತಿನ ಹಿಂದೆ.

“ಇನ್ನೊಂದ್ಸಲ ಓದಿ ಮಿಸ್” ಎಂದಳು ಮುಂದೆ ಕೂತಿದ್ದ ಹುಡುಗಿ. ಓದಿದೆ. ಅವಳ ಹಿಂದೆ, ಸಿನಿಮಾ ನೋಡದ ಚಿಕ್ಕ ಹುಡುಗನೊಬ್ಬ “ಯಾಕೆ ಯಾರೂ ಇಲ್ಲ?” ಎಂದು ಪಕ್ಕದವನನ್ನು ಕೇಳಿದ. ಪಕ್ಕದವನು ಅವನ ಕಿವಿಗೆ ಬಗ್ಗಿ ಪಿಸುಗುಟ್ಟಿದ: “ಅವನಿಗೊಬ್ಬಳು ಅಮ್ಮ ಇದ್ದಳು ಕಣೋ. ದೋಣೀಲಿ ಇರ್ತಿದ್ದರು...”